ದೇವರ ಪಾಲಿನ ಹುಂಜ

ವಾಡಿ ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ ಹೀರಾಬಾಯಿಯ ಮನೆ ಎಂದರೆ ಯಾರಾದರೂ ತೋರಿಸುತ್ತಾರೆ. ಗೋಡೆಗೆ ಶಹಾಬಾದ ಕಲ್ಲು, ನೆಲಕ್ಕೆ ಶಹಾಬಾದ ಕಲ್ಲು, ಮಾಳಿಗೆಗೂ ಅದೇ ಕಲ್ಲು. ಆಕೆಯ ಗಂಡ ಅಂಬರಾಯ ಶಹಾಬಾದಿನ ಗಣಿಯಲ್ಲಿ ಫರಸಿ ಕಲ್ಲು ಎಬ್ಬಿಸುತ್ತಿದ್ದವನು. ಒಂದೊಂದು ಕಲ್ಲನ್ನೂ ಬಡಿದು, ಅದರ ಸದ್ದು ಕೇಳಿ, ಆರಿಸಿ ತಂದು ಕಟ್ಟಿದ ಮನೆ ಅದು. ಅವನು ತೀರಿಕೊಂಡು ವರ್ಷಗಳೇ ಆದವು. ಆದರೂ ಆ ತಣ್ಣನೆಯ ನೆಲದ ಮೇಲೆ ಕಾಲು ಚಾಚಿ ಕುಳಿತಾಗಲೆಲ್ಲ ಹೀರಾಬಾಯಿಗೆ ಗಂಡ ಇಲ್ಲೇ ಹೊರಗೆ ಹೋಗಿದ್ದಾನೆ, ಇನ್ನೇನು ಬಂದಾನು ಎನ್ನಿಸುತ್ತಿತ್ತು.

ಹಳೆಯದನ್ನು ನೆನೆಯುವುದೆಂದರೆ ಆಕೆಗೆ ಎಲ್ಲಿಲ್ಲದ ಹುರುಪು. ರೊಟ್ಟಿ ಬಡಿಯಲು ಕುಳಿತರೆ ಸಾಕು, ಅಂಬರಾಯನ ಕಾಲ ಬಾಯಿಗೆ ಬರುತ್ತಿತ್ತು. ಗಣಿಯ ಭೋಂಗಾ ಕೂಗಿದರೆ ಊರಿಗೆ ಊರೇ ಎದ್ದು ಕೂಡುತ್ತಿದ್ದುದು, ಕಂದೀಲು ಹಿಡಿದು ಓಣಿಯವರೆಲ್ಲ ಪ್ರಾರ್ಥನೆಗೆ ಹೊರಡುತ್ತಿದ್ದುದು, ನಾಲ್ಕು ಮಂದಿಯ ಎದುರಿಗೆ ಗಂಡ ತನ್ನನ್ನು 'ಹೀರಾಬಾಯಾರ, ಬರ್ರಿ' ಎಂದು ಬಹುವಚನದಲ್ಲಿ ಕರೆದು ಗೆಳೆಯರಿಂದ ನಗಿಸಿಕೊಳ್ಳುತ್ತಿದ್ದುದು. ಚರ್ಚಿನ ಸಭೆಯವರು ಅವನಿಗೆ ಇಟ್ಟ ಅಡ್ಡಹೆಸರು 'ಉಪ್ಪಿನ ಅಂಬರಾಯ'. ಆ ಹೆಸರು ಯಾಕೆ ಬಂತು ಎಂದು ಮಾತ್ರ ಆಕೆ ಹೇಳುತ್ತಿರಲಿಲ್ಲ. ಸೊಸೆ ಭಾಗ್ಯಜ್ಯೋತಿ ಮಾವನ ಮುಖ ಕಂಡವಳಲ್ಲ. ಆದರೆ ಕೇಳಿ ಕೇಳಿ, ಅವನು ಯಾವ ಪಲ್ಯಕ್ಕೆ ಮೂಗು ಮುರಿಯುತ್ತಿದ್ದ ಎಂಬುದೂ ಅವಳಿಗೆ ಗೊತ್ತಾಗಿಹೋಗಿತ್ತು.

"ಮಾವಾರಿಗಿ ಒಂದರೆ ಕೆಟ್ಟ ಗುಣ ಇದ್ದಿಲ್ಲೇನ್ರಿ ಅತ್ತಿ?" ಎಂದು ಅವಳು ಒಮ್ಮೆ ನಗುತ್ತಾ ಕೇಳಿದ್ದಳು.

"ಇತ್ತಲ್ಲವಾ. ಗೊರಕಿ ಹೊಡೀತಿದ್ದ. ರೈಲು ಬಂದದ್ದು ಸುದ್ಧಾ ಕೇಳ್ತಿದ್ದಿಲ್ಲ ನಮಗ."

ಹೀಗೆ ಅತ್ತೆ ಸೊಸೆ ಒಲೆಯ ಮುಂದೆ ನಗುತ್ತಿದ್ದ ಮನೆ ಅದು. ಮಗ ಉದಯಕುಮಾರ ಸಿಮೆಂಟ್ ಕಾರ್ಖಾನೆಯಲ್ಲಿ ಚೀಲ ತುಂಬುವ ಕಡೆ ಪಾಳಿಯ ಮೇಲೆ ಕೆಲಸ ಮಾಡುತ್ತಿದ್ದ. ಕುಡಿತವಿಲ್ಲ, ಇಸ್ಪೀಟಿಲ್ಲ, ಹೆಂಡತಿಯ ಮೇಲೆ ಕೈ ಎತ್ತಿದವನಲ್ಲ. ಅವನ ಮನಸ್ಸೆಲ್ಲ ಚರ್ಚಿನ ಮೇಲೆ. ಅಪ್ಪ ಕೂಡುತ್ತಿದ್ದ ಹಿರಿಯರ ಬೆಂಚಿನಲ್ಲಿ ಈ ವರ್ಷ ಅವನಿಗೂ ಜಾಗ ಸಿಕ್ಕಿತ್ತು. ಅಂದಿನಿಂದ ಅವನ ನಡಿಗೆಯೂ ಬದಲಾಯಿತು, ಕೆಮ್ಮುವ ರೀತಿಯೂ ಬದಲಾಯಿತು. ಕುಡಿಯಲು ನೀರು ಕೇಳುವಾಗಲೂ ಚರ್ಚಿನಲ್ಲಿ ಪ್ರಸಂಗ ಮಾಡುವ ದನಿ. ಹೀರಾಬಾಯಿ ಒಳಗೊಳಗೇ ಹೆಮ್ಮೆಪಟ್ಟಳು. ಅವನ ಅಪ್ಪ ಎಂದೂ ಹಾಗೆ ಕೆಮ್ಮಿರಲಿಲ್ಲ ಎಂಬುದು ಆಗ ಅವಳಿಗೆ ನೆನಪಾಗಲಿಲ್ಲ.

ಇವರ ಸಭೆಯಲ್ಲಿ ಮಳೆಗಾಲ ಮುಗಿದ ಮೇಲೆ ಸುಗ್ಗಿ ಹಬ್ಬ ಬರುತ್ತದೆ. ಅದಕ್ಕಾಗಿ ಪ್ರತಿ ಮನೆಯವರೂ ತಿಂಗಳುಗಟ್ಟಲೆ ಮೊದಲೇ ಏನಾದರೊಂದನ್ನು ದೇವರ ಪಾಲಿಗೆಂದು ತೆಗೆದಿಡುತ್ತಾರೆ. ಹೊಲವಿದ್ದವರು ತೊಗರಿಯ ಚೀಲ, ಬಳ್ಳಿ ಇದ್ದವರು ಕುಂಬಳಕಾಯಿ, ಏನೂ ಇಲ್ಲದವರು ಒಂದು ಕೋಳಿ. ತೆಗೆದಿಟ್ಟದ್ದಕ್ಕೆ ಕೆಂಪು ದಾರ ಕಟ್ಟಿದರೆ ಮುಗಿಯಿತು, ಅದನ್ನು ಮನೆಯವರು ಮುಟ್ಟುವಂತಿಲ್ಲ. ಹಬ್ಬದ ದಿನ ಅದನ್ನು ಪೀಠದ ಮುಂದೆ ಇಟ್ಟು, ಆರಾಧನೆಯಾದ ಮೇಲೆ ಅಂಗಳದಲ್ಲಿ ಹರಾಜು ಕೂಗುತ್ತಾರೆ. ಆ ವರ್ಷ ಹೀರಾಬಾಯಿಯ ಮನೆಯಲ್ಲಿ ಕಾಲಿಗೆ ದಾರ ಕಟ್ಟಿಸಿಕೊಂಡು ಓಡಾಡುತ್ತಿದ್ದುದು ಒಂದು ಕೆಂಪು ಹುಂಜ.

ಹಬ್ಬ ಇನ್ನೂ ಕೆಲವು ವಾರ ಇದೆ ಎನ್ನುವಾಗ, ಒಂದು ದಿನ ಹೀರಾಬಾಯಿ ಶಹಾಬಾದಿನ ಮಗಳ ಮನೆಗೆ ಮೊಮ್ಮಗುವಿನ ದೀಕ್ಷಾಸ್ನಾನಕ್ಕೆ ಹೋಗಿದ್ದಳು. ಉದಯಕುಮಾರ ಪಾಳಿಯಲ್ಲಿದ್ದ. ಮನೆಯಲ್ಲಿ ಭಾಗ್ಯಜ್ಯೋತಿ ಒಬ್ಬಳೇ. ಆಗ ಅವಳ ಅಪ್ಪ ಭಾಗಣ್ಣ ಬಂದ. ಕಲಬುರಗಿಯಲ್ಲಿ ಡಾಕ್ಟರಿಗೆ ಕಣ್ಣು ತೋರಿಸಿಕೊಂಡು, ತಿರುಗಿ ತನ್ನೂರು ಚಂದಾಪುರಕ್ಕೆ ಹೋಗುವ ಮೊದಲು ಮಗಳ ಮುಖ ನೋಡಿಕೊಂಡು ಹೋಗೋಣವೆಂದು.

ಭಾಗಣ್ಣ ಚಂದಾಪುರದ ಒಂದು ಹಾಸ್ಟೆಲಿನಲ್ಲಿ ಅಡುಗೆಯವನಾಗಿದ್ದವನು. ಜೀವಮಾನವೆಲ್ಲ ಮಂದಿಯ ಮಕ್ಕಳಿಗೆ ಬಡಿಸಿ, ತಳದಲ್ಲಿ ಉಳಿದದ್ದನ್ನು ಉಂಡ ಮನುಷ್ಯ. ಹೆಂಡತಿ ಬೇಗ ತೀರಿಕೊಂಡಳು. ಮಗಳನ್ನು ತಾನೇ ಸಾಕಿದ. ಮಗಳ ಮದುವೆಯ ದಿನವೂ ಸೌಟು ಕೈಯಿಂದ ಬಿಡಲಿಲ್ಲ. ಬೀಗರು ಉಂಡು ಗಾಡಿ ಹತ್ತಿದ ಮೇಲೆಯೇ ಅವನು ತಾಟಿಗೆ ಕೈ ಹಾಕಿದ್ದು. ಮಗಳ ಮನೆಗೆ ಬಂದಾಗಲೆಲ್ಲ ಬಸ್‌ಸ್ಟ್ಯಾಂಡಿನಲ್ಲಿ ಉಂಡು ಬಂದೆ ಎಂದು ಸುಳ್ಳು ಹೇಳಿ, ಒಂದು ಕಪ್ ಚಹಾ ಕುಡಿದು ಎದ್ದುಬಿಡುತ್ತಿದ್ದ. ಅವತ್ತು ಮಾತ್ರ ಕಟ್ಟೆಯ ಮೇಲೆ ಕುಳಿತು, "ಹಸಿವಾಗ್ಯದವಾ. ಏನರೆ ಇದ್ರ ನೀಡು" ಎಂದ.

ಅವನು ಬಾಯಿಬಿಟ್ಟು ಅನ್ನ ಕೇಳಿದ್ದು ಭಾಗ್ಯಜ್ಯೋತಿಗೆ ನೆನಪಿದ್ದಂತೆ ಅದೇ ಮೊದಲು. ಒಳಗೆ ನೋಡಿದರೆ ಮುಂಜಾನೆಯ ಪುಂಡಿಪಲ್ಯ ಬುಟ್ಟಿಯ ಕೆಳಗೆ ಒಣಗುತ್ತಿತ್ತು. ಹುಂಜಕ್ಕೂ ಅದೇ ಹೊತ್ತಿಗೆ ಅಂಗಳದಲ್ಲಿ ಎದೆ ಉಬ್ಬಿಸಿ ಓಡಾಡುವ ಹುಕಿ ಬರಬೇಕೆ? ಅವಳು ಹಿಂದೆ ಮುಂದೆ ನೋಡಲಿಲ್ಲ. ಬುಧವಾರದ ಸಂತೆಯಲ್ಲಿ ಇಂಥದೇ ಇನ್ನೊಂದನ್ನು ತಂದು ದಾರ ಕಟ್ಟಿದರಾಯಿತು ಎಂದುಕೊಂಡಳು. ಅಪ್ಪ ಆವತ್ತು ಬಿಸಿ ರೊಟ್ಟಿಗೆ ಕೋಳಿಯ ಸಾರು ಹಚ್ಚಿಕೊಂಡು ನಿಧಾನವಾಗಿ, ಹೊಟ್ಟೆ ತುಂಬ ಉಂಡ. ಕೈ ತೊಳೆದು, ಮಗಳ ಕೈ ಅವಳ ತಾಯಿಯ ಕೈಯ ಹಾಗೇ ಇದೆ ಎಂದ. ಮಗಳು ಅಡುಗೆಮನೆಗೆ ಹೋಗಿ ಕಣ್ಣೊರೆಸಿಕೊಂಡಳು.

ಹೀರಾಬಾಯಿ ಸಂತೆಗಿಂತ ಮೊದಲೇ ತಿರುಗಿ ಬಂದಳು. ಹುಂಜ ಎಲ್ಲಿ ಎಂದಾಗ ಸೊಸೆಯ ಬಾಯಿಂದ ಸುಳ್ಳು ಜಾರಿತು: ಸ್ಟೇಷನ್ನಿನ ಕಡೆಯ ನಾಯಿ ಹೊತ್ತೊಯ್ದಿತು ಎಂದಳು. ಮರುದಿನ ಬೂದಿ ಚೆಲ್ಲಲು ಹೋದ ಹೀರಾಬಾಯಿಗೆ ತಿಪ್ಪೆಯಲ್ಲಿ ಪೇಪರಿನ ಸುರುಳಿಯೊಳಗೆ ಕೆಂಪು ಪುಕ್ಕ ಕಂಡವು. ನಾಯಿ ಹೊತ್ತೊಯ್ದ ಹುಂಜದ ಪುಕ್ಕವನ್ನು ಯಾರೂ ಪೇಪರಿನಲ್ಲಿ ಸುತ್ತಿಡುವುದಿಲ್ಲ. ಭಾಗಣ್ಣ ಬಂದು ಉಂಡು ಹೋದದ್ದು ಓಣಿಯವರಿಂದ ಆಗಲೇ ಆಕೆಯ ಕಿವಿಗೆ ಬಿದ್ದಿತ್ತು. ಆಕೆ ಸೊಸೆಯನ್ನು ಕರೆದು ಕೇಳಬಹುದಿತ್ತು, ಕೇಳಲಿಲ್ಲ. ಎರಡು ದಿನ ಹೊಟ್ಟೆಯಲ್ಲಿ ಇಟ್ಟುಕೊಂಡು, ಮೂರನೆಯ ದಿನ ಮಗನಿಗೆ ರೊಟ್ಟಿ ನೀಡುವಾಗ ಅಂದುಬಿಟ್ಟಳು. ದುರುದ್ದೇಶವೇನೂ ಇರಲಿಲ್ಲ, ಆದರೆ ಆಡಿದ ಮಾತು ಆಡಿದ್ದೇ.

ಆ ವಾರದ ಮನೆ ಪ್ರಾರ್ಥನೆ ಇವರ ಮನೆಯಲ್ಲೇ ಇತ್ತು. ವಾರಕ್ಕೊಂದು ಮನೆಯಲ್ಲಿ ಸಭೆಯವರು ಕೂಡುತ್ತಾರೆ. ಹಾಡು, ವಾಕ್ಯ, ಆಮೇಲೆ ಪ್ರಾರ್ಥನೆಯ ವಿಷಯಗಳು. ಒಬ್ಬರಿಗೆ ಮಂಡಿನೋವು, ಒಬ್ಬರ ಮಗಳಿಗೆ ವರ ಕೂಡಿಬರುತ್ತಿಲ್ಲ, ಒಬ್ಬರ ಎಮ್ಮೆ ಒದೆಯುತ್ತದೆ. ಹೇಳಿದ್ದನ್ನೆಲ್ಲ ಪಾಸ್ಟರು ಒಂದೊಂದಾಗಿ ದೇವರ ಮುಂದೆ ಇಡುತ್ತಾರೆ. ಎಮ್ಮೆಯ ವಿಷಯ ಮುಗಿದ ಮೇಲೆ ಉದಯಕುಮಾರ ಎದ್ದು ನಿಂತು ಕೆಮ್ಮಿದ. ಭಾಗ್ಯಜ್ಯೋತಿ ಆಗಷ್ಟೇ ಚಹಾದ ಕಪ್ಪುಗಳ ತಾಟು ಹಿಡಿದು ಒಳಗಿನಿಂದ ಬರುತ್ತಿದ್ದಳು.

"ನನ್ನ ಹೆಣತಿ ಸಲುವಾಗಿ ಪ್ರಾರ್ಥನಾ ಮಾಡ್ರಿ" ಎಂದ. "ದೇವರ ಪಾಲಿಂದು ಹುಂಜ ಕೊಯ್ದು ಆಕಿ ತಮ್ಮಪ್ಪಗ ಉಣಿಸ್ಯಾಳ. ಮ್ಯಾಲ ಸುಳ್ಳೂ ಹೇಳ್ಯಾಳ. ಕರ್ತ ಆಕಿಗಿ ಕ್ಷಮಾ ಮಾಡ್ಲಿ."

ಹೆಂಗಸರು ಎದ್ದು ಅವಳ ಸುತ್ತ ಬಂದು ತಲೆಯ ಮೇಲೆ ಕೈ ಇಟ್ಟರು. ಎಲ್ಲರೂ ಒಟ್ಟಿಗೆ ಗಟ್ಟಿ ದನಿಯಲ್ಲಿ ಪ್ರಾರ್ಥಿಸಿದರು. ಪ್ರೀತಿಯಿಂದಲೇ ಪ್ರಾರ್ಥಿಸಿದರು, ಅದರಲ್ಲಿ ಸಂಶಯವಿಲ್ಲ. ತಾಟು ಕೆಳಗಿಡಲು ಯಾರೂ ಬಿಡಲಿಲ್ಲವಾಗಿ ಅವಳು ಅದನ್ನು ಹಿಡಿದುಕೊಂಡೇ ನಿಂತಳು. ಚಹಾದ ಮೇಲೆ ಕೆನೆ ಕಟ್ಟಿತು. ಕೊನೆಗೆ ಎಲ್ಲರೂ ಆಮೆನ್ ಎಂದರು. ರೂಢಿಯ ಬಲದಿಂದ ಹೀರಾಬಾಯಿಯೂ ಎಂದಳು. ಅಂದ ಮೇಲೆ ಸೊಸೆಯ ಮುಖ ನೋಡಿದಳು.

ಮಂದಿ ಹೋದ ಮೇಲೆ ಭಾಗ್ಯಜ್ಯೋತಿ ಕಪ್ಪು ತೊಳೆಯಲು ಕುಳಿತಳು. ಗಂಡ ಬಾಗಿಲಲ್ಲಿ ನಿಂತು, ಈಗ ಮನಸ್ಸು ಹಗುರಾಯಿತೇ ಎಂದು ಕೇಳಿದ. ಖರೇ ಹೇಳಬೇಕೆಂದರೆ ಅವನು ಹಾಗೇ ನಂಬಿದ್ದ.

"ಒಳಗ ಕರದು ಬೈದಿದ್ರ ಕಾಲಿಗಿ ಬೀಳ್ತಿದ್ದೆ" ಎಂದಳು ಅವಳು, ತಲೆ ಎತ್ತದೆ. "ನೀವು ನಮ್ಮಪ್ಪ ಉಂಡ ತಾಟ ತಂದು ಮಂದಿ ಮುಂದ ಇಟ್ರಿ."

"ನಾ ಬೈದಿಲ್ಲಲ್ಲ. ಪ್ರಾರ್ಥನಾ ಮಾಡಿಸೀನಿ."

"ಬೈದಿದ್ರ ನಾನೂ ತಿರುಗಿ ಒಂದು ಮಾತು ಆಡ್ತಿದ್ದೆ. ಪ್ರಾರ್ಥನಾಕ್ಕ ಏನಂತ ಮಾತಾಡ್ಲಿ?"

ಅಂದಿನಿಂದ ಮನೆಯಲ್ಲಿ ಕೆಲಸ ಎಲ್ಲವೂ ನಡೆಯಿತು, ಮಾತು ನಿಂತಿತು. ನಲ್ಲಿ ಬಂದಾಗ ಅವಳು ನೀರು ತುಂಬಿದಳು, ಪಾಳಿಗೆ ಡಬ್ಬಿ ಕಟ್ಟಿದಳು, ಸಂಜೆಯ ಕುಟುಂಬ ಪ್ರಾರ್ಥನೆಗೆ ಬಂದು ಕುಳಿತಳು. ಆಮೆನ್ ಮಾತ್ರ ಹೇಳಲಿಲ್ಲ. ಹೀರಾಬಾಯಿ ಅಂಬರಾಯನ ಕಥೆ ತೆಗೆದರೆ ಹ್ಞೂಂಗುಟ್ಟಲೂ ಇಲ್ಲ. ಕೇಳುವವರಿಲ್ಲದೆ ಹಳೆಯ ಕಾಲವೂ ಆಕೆಗೆ ರುಚಿಸದೆ ಹೋಯಿತು.

ಇದು ಇಷ್ಟಕ್ಕೇ ಮುಗಿಯುತ್ತಿತ್ತೋ ಏನೋ. ಆದರೆ ಪ್ರಾರ್ಥನೆಯ ವಿಷಯಕ್ಕೆ ಕಾಲು ಇರುತ್ತವೆ. ಸಭೆಯ ಒಬ್ಬ ಹೆಣ್ಣುಮಗಳು ಚಂದಾಪುರದ ಪಕ್ಕದ ಚಿಂಚೋಳಿಗೆ ಮದುವೆಗೆಂದು ಹೋದವಳು ಅಲ್ಲಿ ಭಾಗಣ್ಣನನ್ನು ಕಂಡು, ಅಂತಃಕರಣದಿಂದಲೇ, ನಿಮಗಾಗಿಯೂ ನಿಮ್ಮ ಮಗಳಿಗಾಗಿಯೂ ನಾವೆಲ್ಲ ಪ್ರಾರ್ಥಿಸುತ್ತಿದ್ದೇವೆ ಎಂದು ಹೇಳಿ ಬಂದಳು.

ಸುಗ್ಗಿ ಹಬ್ಬದ ಮುಂಜಾನೆ ಹೀರಾಬಾಯಿ ಬಾಗಿಲು ತೆಗೆದರೆ ಹೊರಗೆ ಭಾಗಣ್ಣ ನಿಂತಿದ್ದ. ಒಗೆದ ಧೋತರ, ಮೇಲೆ ಮಗಳ ಮದುವೆಗೆ ಹೊಲಿಸಿದ ಅಂಗಿ, ಕಂಕುಳಲ್ಲಿ ಒಂದು ಹುಂಜ. ಹೋದ ಹುಂಜಕ್ಕಿಂತ ದಪ್ಪನೆಯದು. ಕಾಲಿಗೆ ಕೆಂಪು ದಾರವನ್ನೂ ತಾನೇ ಕಟ್ಟಿ ತಂದಿದ್ದ. ಉದಯಕುಮಾರ ಬಂದು ನಿಂತಾಗ ಎರಡೂ ಕೈಯಿಂದ ಅದನ್ನು ಮುಂದೆ ಚಾಚಿದ.

"ದೇವರ ಪಾಲಿಂದು ತಂದೀನ್ರಿ ಅಳಿಯಾರ. ನನಗ ಗೊತ್ತಿದ್ದಿಲ್ಲ. ಗೊತ್ತಿದ್ರ ಉಣ್ತಿದ್ದಿಲ್ಲ."

ಹೀರಾಬಾಯಿ ಒಳಗೆ ಬನ್ನಿ, ನೀರಾದರೂ ಕುಡಿಯಿರಿ ಎಂದು ಕೈಮುಗಿದು ಕೇಳಿಕೊಂಡಳು. ಅವನು ಹೊಸ್ತಿಲು ದಾಟಲಿಲ್ಲ. "ಬ್ಯಾಡ್ರಿ ಅಕ್ಕಾರ. ಈ ಮನ್ಯಾಗ ಒಮ್ಮಿ ಹೊಟ್ಟಿತುಂಬ ಉಂಡೀನಲ್ಲ, ಸಾಕು" ಎಂದ. ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಹೀರಾಬಾಯಿಗೆ ತಡೆದುಕೊಳ್ಳುವುದು ಸುಲಭವಾಗುತ್ತಿತ್ತು.

ಭಾಗ್ಯಜ್ಯೋತಿ ಒಳಗೆ ಹೋಗಿ ಒಂದು ಚೀಲದಲ್ಲಿ ಬಟ್ಟೆ ತುಂಬಿಕೊಂಡು ಬಂದಳು. ಗಲಾಟೆ ಮಾಡಲಿಲ್ಲ, ಅಳಲಿಲ್ಲ. ಅತ್ತೆಯ ಕಾಲು ಮುಟ್ಟಿ, ಹೋಗುತ್ತೇನೆ ಎಂದಳು. ಹೋಗಿ ಬರುತ್ತೇನೆ ಎನ್ನಲಿಲ್ಲ. ಅಪ್ಪ ಮಗಳು ಓಣಿಯ ತುದಿಯವರೆಗೆ ನಡೆದು ಹೋದದ್ದನ್ನು ಹೀರಾಬಾಯಿ ನೋಡುತ್ತಾ ನಿಂತಳು. ಉದಯಕುಮಾರ ಹುಂಜವನ್ನು ಹಿಡಿದುಕೊಂಡು ಚರ್ಚಿಗೆ ಹೋದ. ಹರಾಜಿನಲ್ಲಿ ಅದಕ್ಕೇ ಎಲ್ಲಕ್ಕಿಂತ ಹೆಚ್ಚು ಕೂಗು ಬಂತಂತೆ. ಮನೆಗೆ ಬಂದು ಅದನ್ನು ಹೇಳಿದಾಗ ತಾಯಿ ಕೇಳಿಸದವಳಂತೆ ಎದ್ದು ಹೋದಳು.

ಆಮೇಲಿನ ವಾರಗಳು ಹೇಗೆ ಕಳೆದವೋ. ಹೀರಾಬಾಯಿಯ ಮಣಿಕಟ್ಟು ನೋಯುತ್ತಿತ್ತು. ರೊಟ್ಟಿ ಒಂದು ಕಡೆ ದಪ್ಪ, ಒಂದು ಕಡೆ ಹರುಕು. ಮಗ ಶೇಂಗಾ ಹಿಂಡಿಯ ಜತೆ ಅದನ್ನೇ ಮುರಿದು ತಿಂದು ಪಾಳಿಗೆ ಹೋಗುತ್ತಿದ್ದ. ಮೊದಲು ಹಟದಲ್ಲಿದ್ದ. ಬಳಿಕ ಫೋನ್ ಮಾಡತೊಡಗಿದ. ಒಂದು ಸೀರೆ ತಂದು ಇಟ್ಟ. ಅದು ಕವರಿನಲ್ಲೇ ಉಳಿಯಿತು. ಶಹಾಬಾದಿನ ಮಗಳು ಚಂದ್ರಕಲಾ ಬಂದು, ಅಣ್ಣನಿಗೆ ಎರಡು ಮಾತು ಬೈದು, ತಾಯಿಗೆ ನಾಲ್ಕು ಬೈದು, ಒಂದು ಬುಟ್ಟಿ ರೊಟ್ಟಿ ಮಾಡಿಟ್ಟು ಹೋದಳು.

"ಫೋನ್ ಎತ್ತಿದಳೇನು?" ಎಂದು ಹೀರಾಬಾಯಿ ಒಂದು ದಿನ ಊಟಕ್ಕೆ ನೀಡುತ್ತಾ ಕೇಳಿದಳು.

"ಇಲ್ಲ. ಹೆಂಡತಿ ಆದಾಕಿ ಗಂಡಗ ಅಧೀನ ಇರ್ಬೇಕಂತ ಗ್ರಂಥದಾಗೇ ಬರದದ ಯವ್ವಾ. ನಾ ಹೇಳಿದ್ದಲ್ಲ."

"ಬರದದ. ನಿಮ್ಮಪ್ಪನೂ ಅದು ಓದ್ತಿದ್ದ. ಅದರ ಕೆಳಗ ಗಂಡನ ಪಾಲಿಂದು ಬರ್ತದಲ್ಲ, ಹೆಂಡತಿ ಸಲುವಾಗಿ ಜೀವ ಕೊಡಂಗ ಪ್ರೀತಿ ಮಾಡ್ಬೇಕು ಅಂತ, ಅದು ಭಾಳ ಉದ್ದ ಅದ ಅಂತಿದ್ದ. ನಂದೇ ಓದಿ ಮುಗೀವಲ್ದು, ನಿಂದು ನೋಡ್ಲಿಕ್ಕಿ ನನಗ ವ್ಯಾಳ್ಯಾ ಎಲ್ಲದ ಅಂತ ನಗ್ತಿದ್ದ."

ಉದಯಕುಮಾರ ಅವತ್ತು ಎರಡು ರೊಟ್ಟಿಗೇ ಕೈ ತೊಳೆದ.

ಡಿಸೆಂಬರ್ ಬಂತು. ಓಣಿಯ ಮನೆಗಳಿಗೆ ನಕ್ಷತ್ರದ ಬುಟ್ಟಿಗಳು ಏರಿದವು. ಇವರ ಮನೆಗೆ ಪ್ರತಿ ವರ್ಷ ಅದನ್ನು ಕಟ್ಟುತ್ತಿದ್ದವಳು ಭಾಗ್ಯಜ್ಯೋತಿ. ಈ ಸಲ ಯಾರೂ ಅಟ್ಟದಿಂದ ಇಳಿಸಲಿಲ್ಲ. ಸಂಜೆಯ ಪ್ರಾರ್ಥನೆಗೆ ತಾಯಿ ಮಗ ಇಬ್ಬರೇ. ಕ್ರಿಸ್ಮಸ್ಸಿಗೆ ಮುಂಚೆ ಗ್ರಂಥದಿಂದ ಆ ಹಬ್ಬದ ಭಾಗಗಳನ್ನು ಓದುವ ದಿನಗಳು ಅವು. ಅಂದು ಬಂದದ್ದು ಯೋಸೇಫನ ಭಾಗ. ಅವನಿಗೆ ಮದುವೆ ಗೊತ್ತಾದ ಹುಡುಗಿ ಮದುವೆಗೆ ಮೊದಲೇ ಬಸುರಿ ಎಂದು ತಿಳಿಯುತ್ತದೆ. ಯೋಸೇಫ ನೀತಿವಂತ, ಆದ್ದರಿಂದ ಅವಳ ಹೆಸರನ್ನು ಬೀದಿಗೆ ಎಳೆಯಬಾರದು, ಯಾರಿಗೂ ತಿಳಿಯದಂತೆ ಬಿಟ್ಟುಬಿಡಬೇಕು ಎಂದು ಯೋಚಿಸುತ್ತಾನೆ. ದೇವದೂತ ಬಂದು, ಅವಳ ತಪ್ಪೇನೂ ಇಲ್ಲ ಎಂಬ ನಿಜ ಹೇಳುವುದು ಆಮೇಲೆ. ಉದಯಕುಮಾರ ಅಲ್ಲಿಗೆ ಬಂದವನು ಓದು ನಿಲ್ಲಿಸಿಬಿಟ್ಟ. ವರ್ಷಾ ವರ್ಷಾ ಓದಿದ್ದ ಭಾಗ, ಬಾಯಿಪಾಠವೇ ಆಗಿತ್ತು. ಗ್ರಂಥವನ್ನು ತೊಡೆಯ ಮೇಲೆ ಇಳಿಸಿದ.

ಹೀರಾಬಾಯಿ, ನಿಮ್ಮಪ್ಪನಿಗೆ ಉಪ್ಪಿನ ಅಂಬರಾಯ ಎಂದು ಯಾಕೆ ಅನ್ನುತ್ತಿದ್ದರು ಗೊತ್ತೇ ಎಂದು ಕೇಳಿದಳು. ಸಭೆಯ ಊಟಕ್ಕೆ ಅಪ್ಪ ಉಪ್ಪು ಜಾಸ್ತಿ ಹಾಕಿದ್ದನಂತಲ್ಲ ಎಂದ ಮಗ. ಚಿಕ್ಕಂದಿನಲ್ಲಿ ಆ ಹೆಸರಿಗೆ ಹುಡುಗರು ನಕ್ಕಾಗ ಅವನು ಜಗಳಾಡಿ ಬಂದದ್ದೂ ಉಂಟು.

"ಅಂವ ಹಾಕಿದ್ದಲ್ಲ. ನಾ ಹಾಕಿದ್ದು" ಎಂದಳು ಹೀರಾಬಾಯಿ.

ಆಕೆ ಮದುವೆಯಾಗಿ ಬಂದ ಮೊದಲ ಕ್ರಿಸ್ಮಸ್. ಇಡೀ ಸಭೆಗೆ ಅಡುಗೆ. ಹಳ್ಳಿಗಳಿಂದ ಬಂಡಿ ಕಟ್ಟಿಕೊಂಡು ಬಂದ ಜನ. ಹೊಸ ಸೊಸೆ ಎಂದು ಹೆಂಗಸರು ಆಕೆಯ ಕೈಗೆ ಉಪ್ಪಿನ ಡಬ್ಬಿ ಕೊಟ್ಟಿದ್ದರು. ಗಾಬರಿಯಲ್ಲಿ ಹಾಕಿದ ಹಂಡೆಗೇ ಮತ್ತೊಮ್ಮೆ ಹಾಕಿದ್ದಳು. ಸಾಲು ಸಾಲಾಗಿ ಕುಳಿತವರು ಮೊದಲ ತುತ್ತಿಗೇ ಮುಖ ಕಿವುಚಿದರು. ಇದು ಯಾರ ಕೈ ಎಂದು ಹಿರಿಯರು ಕೂಗಿ ಕೇಳಿದಾಗ ಹೀರಾಬಾಯಿ ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡಿದ್ದಳು. ಆಗ ಅಂಬರಾಯ ಎದ್ದು ನಿಂತು, ಸೌದೆ ಒಟ್ಟಲು ಹೋದಾಗ ತಾನೇ ಬುದ್ಧಿ ಓಡಿಸಿ ಒಂದು ಬೊಗಸೆ ಹಾಕಿದೆ ಎಂದ. ಅಂದವನೇ ಕುಳಿತು ಅದೇ ಸಾರು ಸುರಿದುಕೊಂಡು ಎರಡು ತಾಟು ಉಂಡ. ಆ ದಿನದಿಂದ ಸಾಯುವವರೆಗೂ ಆ ಹೆಸರು ಅವನ ಬೆನ್ನು ಬಿಡಲಿಲ್ಲ. ಅವನನ್ನು ಮಣ್ಣಿಗಿಟ್ಟು ಬರುವಾಗಲೂ ಯಾರೋ ಉಪ್ಪಿನ ಮಾತು ತೆಗೆದು, ಅಳುತ್ತಲೇ ನಕ್ಕಿದ್ದರು.

"ನಿಮ್ಮಪ್ಪ ಒಂದು ದಿನಾನೂ ನನ್ನ ಮುಂದ ಅದು ಎತ್ತಿ ಆಡಲಿಲ್ಲ" ಎಂದಳು ಹೀರಾಬಾಯಿ. "ಹಂಡೆಗಟ್ಟಲೆ ಉಪ್ಪು ಅಂವ ಹೊತ್ತ. ನಿನಗ ಒಂದು ಹುಂಜ ಹೊರಲಿಕ್ಕಿ ಆಗಲಿಲ್ಲಲ್ಲೋ. ನನಗರೆ ಆಯ್ತಾ? ಆಕಿ ಮುಚ್ಚಿಟ್ಟಿದ್ದು ತೆಗದು ನಿನ್ನ ಕೈಯಾಗ ಕೊಟ್ಟಾಕಿ ನಾನೇ."

ಮುಂದಿನ ಮನೆ ಪ್ರಾರ್ಥನೆ ಬೇರೊಬ್ಬರ ಮನೆಯಲ್ಲಿತ್ತು. ವಿಷಯಗಳನ್ನು ಹೇಳುವ ಹೊತ್ತಿಗೆ ಉದಯಕುಮಾರ ಎದ್ದು ನಿಂತ. ಈ ಸಲ ಕೆಮ್ಮಲಿಲ್ಲ. ಹಸಿದು ಬಂದ ಅಪ್ಪನಿಗೆ ಮಗಳು ಊಟ ಹಾಕಿದಳು, ನಾನು ಮನೆಯಲ್ಲಿದ್ದಿದ್ದರೆ ನಾನೇ ಆ ಹುಂಜ ಕೊಯ್ಯಬೇಕಾಗಿತ್ತು ಎಂದ. "ಅವತ್ತು ನಾ ನಿಮ್ಮ ಮುಂದ ಇಟ್ಟಿದ್ದು ಪ್ರಾರ್ಥನಾ ವಿಷಯ ಅಲ್ರಿ. ಚಾಡಿ. ದೇವರಿಗೂ ಹೇಳಿದೆ, ನಿಮಗೂ ಹೇಳಿದೆ" ಎಂದು ಕೈಮುಗಿದ. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಮ್ಮ ಮಂದಿಗೆ ಇಂಥ ಹೊತ್ತಿನಲ್ಲಿ ಗೊತ್ತಿರುವುದು ಒಂದೇ ಉಪಾಯ. ಎದ್ದು ಬಂದು ಕೈಗಳನ್ನೆಲ್ಲ ಅವನ ತಲೆಯ ಮೇಲೆ ಇಟ್ಟರು. ಅವನು ತಲೆ ತಗ್ಗಿಸಿ, ಪೂರ್ತಿ ಮುಗಿಯುವವರೆಗೂ ನಿಂತ.

ಹೊಸ ವರ್ಷದ ಮೊದಲ ಭಾನುವಾರದ ಮುನ್ನಾದಿನ ತಾಯಿ ಮಗ ಚಂದಾಪುರಕ್ಕೆ ಹೊರಟರು. ಚಿತ್ತಾಪುರ ದಾಟಿತು, ಮಳಖೇಡದ ಹತ್ತಿರ ಆದಿತ್ಯನಗರದ ಚಿಮಣಿಗಳು ಕಂಡು ಮರೆಯಾದವು, ಸೇಡಂನಲ್ಲಿ ಬಸ್ಸು ಬದಲಿಸಿದರು. ದಾರಿಯುದ್ದಕ್ಕೂ ತೊಗರಿ ಒಕ್ಕುವ ರಾಶಿ ನಡೆದಿತ್ತು. ಇದೇ ದಾರಿಯಲ್ಲಿ ಹೆಣ್ಣು ಕೇಳಲು ಹೋಗಿದ್ದು ಹೀರಾಬಾಯಿಗೆ ನೆನಪಾಯಿತು. ಆಗ ಭಾಗಣ್ಣ, ನನ್ನ ಮಗಳಿಗೆ ಒಂದೇ ದುಶ್ಚಟ, ಯಾರಾದರೂ ಹಸಿದಿದ್ದರೆ ತಡೆದುಕೊಳ್ಳುವುದಿಲ್ಲ ಎಂದು ಹೇಳಿದ್ದ. ಎಲ್ಲರೂ ನಕ್ಕಿದ್ದರು.

ಭಾಗಣ್ಣ ಅಳಿಯನ ಕೈಕಾಲಿಗೆ ನೀರು ಕೊಟ್ಟು, ಎಂದಿನಂತೆ ಬರ್ರಿ, ಕುಂದ್ರಿ ಎಂದು ಉಪಚರಿಸಿದ. ತಾನೇ ಅಡುಗೆ ಮಾಡಿ ಬಡಿಸಿದ. ಉದಯಕುಮಾರ ಕ್ಷಮೆಯ ಮಾತು ತೆಗೆದರೆ, ಅದೆಲ್ಲ ಯಾಕೆ ಬಿಡಿ ಎಂದು ಇನ್ನೊಂದು ಸೌಟು ಬೇಳೆ ಸುರಿದ. ಭಾಗ್ಯಜ್ಯೋತಿ ಮಾತ್ರ ಗೋಡೆಗೆ ಒರಗಿ ನಿಂತಿದ್ದಳು. ಊಟವಾದ ಮೇಲೆ ಹಿತ್ತಲಿನಲ್ಲಿ ಗಂಡನಿಗೆ ಅವಳು ಹೇಳಿದ್ದು ಒಳಗಿದ್ದ ಹೀರಾಬಾಯಿಗೂ ಕೇಳಿಸಿತು.

"ನೀವು ಅಲ್ಲಿ ಎದ್ದು ನಿಂತು ಹೇಳಿದ್ದು ಗೊತ್ತಾಗ್ಯದ. ನನ್ನ ಮನಸು ಅಷ್ಟಕ್ಕೇ ಕರಗ್ಯದ. ಆದ್ರ ನಮ್ಮಪ್ಪ ಅವತ್ತಿಂದ ಚರ್ಚಿನಾಗ ಕರ್ತನ ಭೋಜನಕ್ಕ ಏಳವಲ್ಲ. ದೇವರ ಪಾಲು ಉಂಡ ಬಾಯಿ ಇದು ಅಂತಾನ. ಎಲ್ಲರೂ ಹೋಗ್ತಾರ, ಅಂವ ಕುಂತೇ ಇರ್ತಾನ. ಅಂವ ಏಳೂತನಕ ನಾ ಹ್ಯಾಂಗ ಬರ್ಲಿ?"

"ನಾಳಿಗಿ ಇಲ್ಲಿ ಸಭಾದಾಗೂ ಎದ್ದು ನಿಂತು ಹೇಳ್ತೀನಿ."

"ಬ್ಯಾಡ್ರಿ. ಇಲ್ಲಿ ಯಾರಿಗೂ ಏನೂ ಗೊತ್ತಿಲ್ಲ. ಮತ್ತ ನಮ್ಮಪ್ಪನ ಹೆಸರು ಮಂದ್ಯಾಗ ತೆಗೀಬ್ಯಾಡ್ರಿ."

ಹೀರಾಬಾಯಿಗೆ ಆ ಸಂಜೆ ಏನೂ ತೋಚಲಿಲ್ಲ. ಅಂಬರಾಯ ಇದ್ದಿದ್ದರೆ ಏನಾದರೂ ಮಾಡುತ್ತಿದ್ದ, ಏನು ಮಾಡುತ್ತಿದ್ದ ಎಂದು ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ.

ಚಂದಾಪುರದ ಚರ್ಚು ಚಿಕ್ಕದು. ಎಡಕ್ಕೆ ಹೆಂಗಸರು, ಬಲಕ್ಕೆ ಗಂಡಸರು. ಅತ್ತೆ ಸೊಸೆ ಒಂದೇ ಚಾಪೆಯ ಮೇಲೆ, ನಡುವೆ ಒಂದು ಮೊಳ ಜಾಗ ಬಿಟ್ಟು ಕುಳಿತರು. ತಿಂಗಳ ಮೊದಲ ಭಾನುವಾರವಾದ್ದರಿಂದ ಪೀಠದ ಮೇಲೆ ಬಿಳಿ ಬಟ್ಟೆ ಹೊದಿಸಿ ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸ ಇಟ್ಟಿದ್ದರು. ಪ್ರಸಂಗ ಮುಗಿದು, ಮೊದಲು ಗಂಡಸರು ಸಾಲು ಸಾಲಾಗಿ ಎದ್ದು ಹೋಗಿ ಪೀಠದ ಮುಂದೆ ಮೊಣಕಾಲೂರಿ ಬರತೊಡಗಿದರು. ಭಾಗಣ್ಣನ ಸಾಲು ಬಂತು. ಒಬ್ಬೊಬ್ಬರೇ ಏಳತೊಡಗಿದರು. ಅವನು ಕಣ್ಣು ಕೆಳಗೆ ಹಾಕಿ ಕುಳಿತೇ ಇದ್ದ.

ಪಕ್ಕದಲ್ಲಿದ್ದ ಉದಯಕುಮಾರ ಏಳುತ್ತಾನೆಂದು ಹೀರಾಬಾಯಿ ನೋಡಿದಳು. ಅವನೂ ಏಳಲಿಲ್ಲ. ಕೈಕಟ್ಟಿಕೊಂಡು ಮಾವನ ಬದಿಗೇ ಕುಳಿತುಬಿಟ್ಟ. ಹಿಂದಿನ ಸಾಲಿನವರು ಬಗ್ಗಿ ನೋಡಿದರು. ವಾಡಿಯಿಂದ ಬಂದ ಅಳಿಯ, ಅಲ್ಲಿಯ ಸಭೆಯ ಹಿರಿಯ, ಅವನಿಗೇನಾಯಿತು ಎಂದು ಗುಸುಗುಸು ಹಬ್ಬಿತು. ಚರ್ಚಿನ ಸೇವಕ ಬಂದು ಕೈಸನ್ನೆ ಮಾಡಿದ. ಉದಯಕುಮಾರ ತಲೆ ಅಲ್ಲಾಡಿಸಿದ.

ಹೀರಾಬಾಯಿ ಕುಳಿತಲ್ಲಿಗೆ ಮಾವ ಅಳಿಯನ ಪಿಸುಮಾತು ಅಷ್ಟಷ್ಟು ಕೇಳುತ್ತಿತ್ತು.

"ಏಳ್ರಿ ಅಳಿಯಾರ. ಮಂದಿ ನೋಡಾಕತ್ತಾರ."

"ನೋಡ್ಲಿರಿ ಮಾವ. ನಿಮಗ ಇಲ್ಲದ ಪಾಲು ನನಗ ಎಲ್ಲಿಂದು?"

"ನಿಮ್ಮ ಮರ್ಯಾದಿ ಹೋಗ್ತದ್ರಿ."

"ಹೋಗ್ಲಿರಿ."

ಭಾಗಣ್ಣ ಆ ಕಡೆ ಈ ಕಡೆ ನೋಡಿದ. ತನ್ನ ಊರಿನಲ್ಲಿ, ತನ್ನ ಸಭೆಯಲ್ಲಿ, ತನ್ನ ಅಳಿಯನ ಕಡೆ ಜನ ಬೆರಳು ತೋರಿಸುತ್ತಿದ್ದಾರೆ. ತನ್ನ ಮಾನ ಹೋದರೂ ತಿಂಗಳುಗಟ್ಟಲೆ ಕುಳಿತೇ ಇದ್ದ ಆ ಮುದುಕನಿಗೆ ಅಳಿಯನ ಮಾನ ಹೋಗುವುದನ್ನು ಒಂದು ಗಳಿಗೆಯೂ ನೋಡಲಾಗಲಿಲ್ಲ. ಮೊಣಕಾಲಿಗೆ ಕೈ ಊರಿ ಎದ್ದ. ಎದ್ದವನು ಉದಯಕುಮಾರನ ರಟ್ಟೆ ಹಿಡಿದು ಎಬ್ಬಿಸಿದ. ಇಬ್ಬರೂ ಹೋಗಿ ಪೀಠದ ಮುಂದೆ ಮೊಣಕಾಲೂರಿದರು. ಪಾಸ್ಟರು ರೊಟ್ಟಿಯ ಚೂರು ಕೊಟ್ಟಾಗ ಭಾಗಣ್ಣನ ಬೊಗಸೆಗೆ ಅಳಿಯ ಕೆಳಗಿನಿಂದ ತನ್ನ ಕೈ ಆನಿಸಿ ಹಿಡಿದ.

ಹೀರಾಬಾಯಿಗೆ ಕಣ್ಣು ಮಂಜಾಗಿ ಮುಂದಿನದು ಕಾಣಲಿಲ್ಲ. ಹೆಂಗಸರ ಸಾಲು ಏಳತೊಡಗಿತ್ತು. ಅವಳು ಏಳಲಿಲ್ಲ. ತಿಪ್ಪೆಯಲ್ಲಿ ಕಂಡ ಪುಕ್ಕವನ್ನು ಮಗನ ತಾಟಿಗೆ ಬಡಿಸಿದ ಬಾಯಿ ತನ್ನದು. ಆ ದಿನ ಆಮೆನ್ ಅಂದದ್ದೂ ಇದೇ ಬಾಯಿ. ಎಲ್ಲರೂ ಎದ್ದಿದ್ದಾರೆ, ಏಳುವ ಮುಖ ತನಗೆಲ್ಲಿದೆ ಎಂದು ಸೆರಗನ್ನು ಬಾಯಿಗೆ ಒತ್ತಿಕೊಂಡು ಕುಳಿತಳು.

ನಡುವಿನ ಮೊಳ ಜಾಗ ದಾಟಿ ಒಂದು ಕೈ ಬಂದು ಅವಳ ಮಣಿಕಟ್ಟು ಹಿಡಿಯಿತು.

"ಏಳ್ರಿ ಅತ್ತಿ" ಎಂದಳು ಭಾಗ್ಯಜ್ಯೋತಿ. "ನೀವು ಏಳೂತನಕ ನಾನೂ ಏಳಂಗಿಲ್ಲ."